ತಕಯಾಸು ಅನುಮಾನ ಇದ್ದರೆ ಎಂಆರ್‌ಐ ಬೇಕೇ ಬೇಕಾ?

ನಿಮ್ಮ ತಂಗಿಗೆ 23 ವರ್ಷ, ಎಡಗೈ ನಾಡಿ ಸಿಗುತ್ತಿಲ್ಲ, ಡಾಕ್ಟರಿಗೆ ತಕಯಾಸು, ಅಂದರೆ ದೊಡ್ಡ ರಕ್ತನಾಳಗಳಿಗೆ ಉರಿಯೂತ ಬರುವ ಕಾಯಿಲೆಯ, ಅನುಮಾನ ಇದೆ. ವಿಜಯಪುರದಿಂದ ಬೆಳಗಾವಿಗೆ ಹೋಗಿ ಎಂಆರ್‌ಐ ಮಾಡಿಸಿ ಅಂದಿದ್ದಾರೆ. ಕತ್ತಿನ ಡಾಪ್ಲರ್ (ರಕ್ತನಾಳದ ಅಲ್ಟ್ರಾಸೌಂಡ್) ಆಗಿದೆಯಲ್ಲ, ಇದು ಸುಮ್ನೆ ಖರ್ಚಲ್ವಾ ಅಂತ ಕೇಳಿದ್ದೀರಿ. ಅಲ್ಲ, ಮಾಡಿಸಿ. ನನಗೂ ಇದೇ ಕಾಯಿಲೆ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಜಮಖಂಡಿ ಕಡೆಯವಳು. ನನಗೆ ಮೊದಲು ಗೊತ್ತಾಗಿದ್ದು ರೊಟ್ಟಿ ಬಡಿಯುವಾಗ. ಎರಡನೇ ರೊಟ್ಟಿಗೇ ಬಲಗೈ ಸೋತು ಬರುತ್ತಿತ್ತು. ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತಿತ್ತು, ಮತ್ತೆ ಬಡಿದರೆ ಮತ್ತೆ ಅದೇ. ರಕ್ತ ಕಡಿಮೆ ಆಗಿದೆ ಅಂತ ಅವ್ವ ಶೇಂಗಾ, ಬೆಲ್ಲ ತಿನ್ನಿಸಿದಳು. ಒಂದು ದಿನ ಬಿಪಿ ನೋಡಲು ಹೋದರೆ ಬಲಗೈಯಲ್ಲಿ ಏನೂ ಬರಲಿಲ್ಲ. ‘ಮಷೀನ್ ಕೆಟ್ಟೈತ್ರಿ, ತಡೀರಿ’ ಅಂತ ಸಿಸ್ಟರ್ ಬೇರೆ ಮಷೀನ್ ತಂದರು. ಅದರಲ್ಲೂ ಬರಲಿಲ್ಲ. ಎಡಗೈಗೆ ಕಟ್ಟಿದರೆ 170. ಮಷೀನ್ ಸರಿಯಾಗಿಯೇ ಇತ್ತು.

ಈ ಕಾಯಿಲೆಯಲ್ಲಿ ಹೃದಯದಿಂದ ಹೊರಡುವ ದೊಡ್ಡ ನಾಳಕ್ಕೆ, ಅಂದರೆ ಮಹಾಧಮನಿಗೆ, ಮತ್ತು ಅದರಿಂದ ಕೈಗೆ, ಕತ್ತಿಗೆ, ಕಿಡ್ನಿಗೆ ಹೋಗುವ ಕವಲುಗಳಿಗೆ ಉರಿಯೂತ ಬರುತ್ತದೆ. ಮೊದಲು ಬಾವು ಬರುವುದು ನಾಳದ ಗೋಡೆಗೆ. ಒಳಗಿನ ದಾರಿ ಕಿರಿದಾಗುವುದು ಆಮೇಲೆ. ಹೊಲದ ಪೈಪಿನಲ್ಲಿ ನೀರು ಚೆನ್ನಾಗಿಯೇ ಹರಿಯುತ್ತಿದೆ, ಆದರೆ ಪೈಪಿನ ಗೋಡೆಯೇ ಊದಿಕೊಳ್ಳುತ್ತಿದೆ ಅಂದುಕೊಳ್ಳಿ. ನಾಳದೊಳಗೆ ಸಣ್ಣ ಕೊಳವೆ ತೂರಿಸಿ ಮಾಡುವ ಹಳೆಯ ಆಂಜಿಯೋಗ್ರಾಂ ತೋರಿಸುವುದು ನೀರಿನ ದಾರಿಯನ್ನು ಮಾತ್ರ. ಎಂಆರ್‌ಐ ಗೋಡೆಯನ್ನೂ ತೋರಿಸುತ್ತದೆ: ಎಷ್ಟು ದಪ್ಪ ಆಗಿದೆ, ನೀರು ತುಂಬಿ ಊದಿದೆಯಾ, ಸ್ಕ್ಯಾನಿನ ಔಷಧಿ ನರಕ್ಕೆ ಕೊಟ್ಟಾಗ ಹೊಳೆಯುತ್ತದೆಯಾ. ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ಬೆಲೆ ಇರುವುದು ಇಲ್ಲಿಯೇ.

ಡಾಪ್ಲರ್ ಕತ್ತಿಗೆ ಒಳ್ಳೆಯದು. ಆದರೆ ಎದೆಯೊಳಗಿನ ಮಹಾಧಮನಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಎಲುಬು ಮತ್ತು ಶ್ವಾಸಕೋಶ ಅಡ್ಡ ಬರುತ್ತವೆ. ಸಿಟಿ ಸ್ಕ್ಯಾನ್ ಬೇಗ ಮುಗಿಯುತ್ತದೆ, ಚೆನ್ನಾಗಿಯೂ ತೋರಿಸುತ್ತದೆ. ಆದರೆ ಅದರಲ್ಲಿ ವಿಕಿರಣ ಇದೆ. ನಿಮ್ಮ ತಂಗಿಗೆ ಇನ್ನೂ 23. ಮುಂದೆ ಎಷ್ಟೋ ಸಲ ಸ್ಕ್ಯಾನ್ ಬೇಕಾಗಬಹುದು. ಅದಕ್ಕೇ ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2018ರಲ್ಲೇ ತಕಯಾಸು ಅನುಮಾನಕ್ಕೆ ಮೊದಲು ಎಂಆರ್‌ಐ ಮಾಡಿಸಿ ಅಂತ ಸಲಹೆ ಕೊಟ್ಟಿತು. ಸ್ಟೆರಾಯ್ಡ್ ಶುರುವಾದರೆ ಊತ ಇಳಿಯುತ್ತದೆ, ಸ್ಕ್ಯಾನಿನಲ್ಲಿ ಸರಿಯಾಗಿ ಕಾಣದೇ ಹೋಗಬಹುದು, ಹಾಗಾಗಿ ಸ್ಕ್ಯಾನ್ ಬೇಗ ಆಗಲಿ. ಆದರೆ ಸ್ಕ್ಯಾನಿಗಾಗಿ ಕಾಯುತ್ತಾ, ಡಾಕ್ಟರ್ ಬರೆದ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ.

ಹೋಗುವ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ರಿಪೋರ್ಟ್ ಇಟ್ಟುಕೊಳ್ಳಿ. ನರಕ್ಕೆ ಕೊಡುವ ಗ್ಯಾಡೋಲಿನಿಯಂ ಔಷಧಿಗೆ ಮೊದಲು ಕಿಡ್ನಿ ಹೇಗಿದೆ ಅಂತ ನೋಡುತ್ತಾರೆ. ಗರ್ಭಿಣಿ ಇರಬಹುದು ಅನಿಸಿದರೆ ಮೊದಲೇ ಹೇಳಬೇಕು. ಮೈಮೇಲಿನ ಲೋಹವೆಲ್ಲ ತೆಗೆಸುತ್ತಾರೆ. ನನ್ನ ತಾಳಿ ಬಿಚ್ಚಿಡಬೇಕು ಅಂದಾಗ ಅತ್ತೆ ಏನೂ ಮಾತಾಡಲಿಲ್ಲ, ಚೀಲದಿಂದ ಅರಿಶಿನದ ದಾರ ತೆಗೆದು ಕೊರಳಿಗೆ ಕಟ್ಟಿ ಒಳಗೆ ಕಳಿಸಿದರು. ಒಳಗೆ ಡಬಡಬ ಅಂತ ಜೋರು ಸದ್ದು. ನಡುನಡುವೆ ಉಸಿರು ಹಿಡಿಯಲು ಹೇಳುತ್ತಾರೆ. ಮನೆಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿಸಿ, ಉಸಿರು ಅಲುಗಿದರೆ ಚಿತ್ರ ಮಸುಕಾಗುತ್ತದೆ.

ಒಂದು ವರ್ಷದ ನಂತರ ನನ್ನ ಎರಡನೇ ಸ್ಕ್ಯಾನಿನಲ್ಲೂ ಗೋಡೆ ದಪ್ಪವೇ ಇತ್ತು. ಮಾತ್ರೆ ಕೆಲಸ ಮಾಡಿಲ್ಲ ಅಂತ ಅತ್ತುಬಿಟ್ಟೆ. ದಪ್ಪ ಉಳಿದಿದೆ ಅಂದ ಮಾತ್ರಕ್ಕೆ ಕಾಯಿಲೆ ಇನ್ನೂ ಉರಿಯುತ್ತಿದೆ ಅಂತಲ್ಲ ಎಂದು ಡಾಕ್ಟರ್ ಎರಡೂ ಫಿಲ್ಮ್ ಪಕ್ಕಪಕ್ಕ ಹಿಡಿದು ತೋರಿಸಿದರು. ಹೊಸ ಜಾಗದಲ್ಲಿ ಎಲ್ಲೂ ಬಾವು ಬಂದಿರಲಿಲ್ಲ. ಇದರ ಉಲ್ಟಾನೂ ಆಗುತ್ತದೆ. ಉರಿಯೂತ ಅಳೆಯುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ನಾರ್ಮಲ್ ಇದ್ದರೂ ಒಳಗೆ ಉರಿಯೂತ ನಡೆದಿರಬಹುದು. ಅದಕ್ಕೇ ಮೊದಲ ಸ್ಕ್ಯಾನಿನ ಸಿಡಿ, ಫಿಲ್ಮ್ ಜೋಪಾನ ಮಾಡಿ.

ಕಣ್ಣು ಮಂಜಾಗುತ್ತದೆ, ತಲೆ ತಿರುಗುತ್ತದೆ ಅಂತ ತಂಗಿ ಅಂದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಈ ಕಾಯಿಲೆ ಕಣ್ಣಿಗೂ ತಟ್ಟಬಹುದು; 1908ರಲ್ಲಿ ಇದರ ಕಣ್ಣಿನ ಲಕ್ಷಣಗಳನ್ನು ವಿವರಿಸಿದ ಜಪಾನಿನ ಮಿಕಿಟೊ ತಕಯಾಸು ಕಣ್ಣಿನ ಡಾಕ್ಟರೇ. ಇನ್ನು ಬಿಪಿ ನೋಡಿಸುವಾಗ ಪ್ರತಿ ಸಲ ನೀವೇ ಬಾಯಿ ಬಿಟ್ಟು ಹೇಳಿ: ಎಡಗೈ ಬೇಡ, ಬಲಗೈಯಲ್ಲಿ ನೋಡಿ ಅಂತ. ಎಡಗೈ ಲೆಕ್ಕ ನಂಬಿ ಬಿಪಿ ಕಡಿಮೆ ಇದೆ ಅಂದುಕೊಂಡುಬಿಡುತ್ತಾರೆ.