ಪರದೇಶಿ ಅನ್ನುವ ಮಾತು ನನಗೆ ಅರ್ಥವಾದ ಭಾನುವಾರ

ನೀವು ಕೇಳಿದ್ದು ಇಷ್ಟು. ಮೊದಲ ಸಲ ಹೊರದೇಶಕ್ಕೆ ಹೋಗಿದ್ದೀರಿ. ಊಟ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ, ಸಣ್ಣ ಸಣ್ಣದಕ್ಕೂ ಸಿಟ್ಟು ಬರುತ್ತಿದೆ, ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲುವುದಿಲ್ಲ. ಕ್ರೈಸ್ತ ನಂಬಿಕೆ ಇರುವವರಿಗೆ ಇದರಲ್ಲಿ ಕಲಿಯುವುದು ಏನಾದರೂ ಇದೆಯಾ, ಇಲ್ಲ ಸುಮ್ನೆ ಸಹಿಸಿಕೊಳ್ಳಬೇಕಾ?

ನಾನು ಬೀದರಿನವಳು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಹುಟ್ಟಿ ಬೆಳೆದದ್ದೆಲ್ಲ ಮೆಥೊಡಿಸ್ಟ್ ಸಭೆಯಲ್ಲಿ, ಅದು ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ. ಮಗ ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಹತ್ತಿರ ಕೆಲಸಕ್ಕಿದ್ದಾನೆ. ಒಂದು ನವೆಂಬರ್‌ನಲ್ಲಿ ನಾನೂ ನಮ್ಮ ಮನೆಯವರೂ ಎರಡು ತಿಂಗಳಿಗೆಂದು ಅವನ ಹತ್ತಿರ ಹೋಗಿದ್ದೆವು. ನೀವು ಬರೆದದ್ದೆಲ್ಲ ನನಗೂ ಆಗಿದೆ.

ಮೊದಲು ನಿದ್ದೆಯ ಮಾತು. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ರಾತ್ರಿ ಎರಡೂವರೆಗೆ ಎಚ್ಚರ ಆಗುತ್ತಿತ್ತು, ಬೀದರಿನಲ್ಲಿ ಆಗ ಬೆಳಿಗ್ಗೆ ಏಳು. ಸಂಜೆ ಐದರ ಒಳಗೇ ಕತ್ತಲೆ. ಮೂರನೇ ದಿನಕ್ಕೆ ಕಾರಣವೇ ಇಲ್ಲದೆ ಅಳು ಬಂತು. ನನ್ನ ನಂಬಿಕೆ ಇಷ್ಟೇನಾ ಅಂತ ಹೆದರಿದೆ. ಆಗ ನೆನಪಾದವನು ಬೈಬಲಿನ ಪ್ರವಾದಿ ಎಲೀಯ. ಒಂದನೇ ಅರಸುಗಳು 19ನೇ ಅಧ್ಯಾಯ ಓದಿ ನೋಡಿ. ಅವನು ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡು ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವರು ಬೈಯುವುದಿಲ್ಲ, ಉಪದೇಶವನ್ನೂ ಹೇಳುವುದಿಲ್ಲ. ಅವನಿಗೆ ನಿದ್ದೆ ಹತ್ತುತ್ತದೆ. ದೂತನು ಬಂದು ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಡುತ್ತಾನೆ. ತಿಂದು ಮತ್ತೆ ಮಲಗುತ್ತಾನೆ. ಮತ್ತೆ ರೊಟ್ಟಿ. ದೇವರು ಮಾತಾಡುವುದು ಅದೆಲ್ಲ ಆದ ಎಷ್ಟೋ ದಿನದ ಮೇಲೆ. ಹಾಗಾಗಿ ನಿದ್ದೆಗೆಟ್ಟಾಗ ಬಂದ ಸಿಟ್ಟನ್ನು ದೊಡ್ಡ ಪಾಪ ಅಂತ ತಲೆಗೆ ಹಚ್ಚಿಕೊಳ್ಳಬೇಡಿ. ಮಲಗಿ. ಬಿಸಿಯಾಗಿ ಏನಾದರೂ ತಿನ್ನಿ. ಪ್ರಾರ್ಥನೆ ತಾನಾಗಿ ಬರುತ್ತದೆ.

ಇನ್ನು ನಮ್ಮ ಬ್ಯಾಗಿನ ಕಥೆ. ಶನಿವಾರ ಸಂಜೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿದೆವು. ಎರಡು ಬ್ಯಾಗಿನಲ್ಲಿ ಒಂದು ಬರಲೇ ಇಲ್ಲ. ಬೆಲ್ಟ್ ತಿರುಗಿ ತಿರುಗಿ ನಿಂತುಹೋಯಿತು. ಕೌಂಟರಿನಲ್ಲಿ ನಿಂತು ದೂರು ಬರೆಸಿ, ಅದರ ನಂಬರ್ ತೆಗೆದುಕೊಂಡು ಬಂದೆವು. (ನಿಮಗೂ ಹೀಗಾದರೆ ಏರ್‌ಪೋರ್ಟ್ ಬಿಡುವ ಮೊದಲೇ ಇದನ್ನು ಮಾಡಿಸಿ, ಆಮೇಲೆ ಕಷ್ಟ.) ಬಾರದ ಬ್ಯಾಗಿನಲ್ಲೇ ಖಡಕ್ ರೊಟ್ಟಿ, ಶೇಂಗಾದ ಹಿಂಡಿ (ಚಟ್ನಿಪುಡಿ), ನನ್ನ ಕನ್ನಡ ಬೈಬಲ್ ಇದ್ದವು. ಅವ್ವ ರೊಟ್ಟಿ ತರುತ್ತಾಳೆ ಅಂತ ಮಗ ಮನೆಯಲ್ಲಿ ಏನೂ ತಂದಿಟ್ಟಿರಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಅಂಗಡಿ ಮುಚ್ಚಿದ್ದವು. ಮರುದಿನ ಭಾನುವಾರ, ತೆರೆಯುವುದೇ ಇಲ್ಲ.

ಜರ್ಮನಿಯಲ್ಲಿ ಭಾನುವಾರ ಕೆಲಸಕ್ಕೆ ಬಿಡುವು ಅಂತ 1919ರ ಸಂವಿಧಾನದಲ್ಲೇ ಬರೆದಿದ್ದರು. 1949ರ ಸಂವಿಧಾನದಲ್ಲೂ ಅದನ್ನು ಹಾಗೇ ಉಳಿಸಿಕೊಂಡರು. ರೈಲ್ವೆ ಸ್ಟೇಷನ್, ಪೆಟ್ರೋಲ್ ಬಂಕಿನಲ್ಲಿ ಒಂದಿಷ್ಟು ಸಿಗುತ್ತದೆ, ಅಷ್ಟೇ. ಅಲ್ಲಿಯ ಜನ ಶನಿವಾರವೇ ಎರಡು ದಿನಕ್ಕಾಗುವಷ್ಟು ತಂದಿಡುತ್ತಾರೆ. ಮಗ ಇದನ್ನು ಹೇಳಿದಾಗ ನನಗೆ ಮನ್ನ ನೆನಪಾಯಿತು, ಅಡವಿಯಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರ. ವಿಮೋಚನಕಾಂಡ 16ರಲ್ಲಿ ದಿನಾ ಅವತ್ತಿಗೆ ಬೇಕಾದಷ್ಟೇ ಕೂಡಿಸಿಕೊಳ್ಳಿ ಅನ್ನುತ್ತಾನೆ ದೇವರು. ಜಾಸ್ತಿ ಇಟ್ಟುಕೊಂಡರೆ ಹುಳ ಬೀಳುತ್ತದೆ. ಆರನೆಯ ದಿನ ಮಾತ್ರ ಎರಡರಷ್ಟು, ಏಳನೆಯ ದಿನ ಸಿಗುವುದಿಲ್ಲ. ಮೂವತ್ತು ವರ್ಷ ಭಾನುವಾರ ಶಾಲೆಯ ಮಕ್ಕಳಿಗೆ ಈ ಪಾಠ ಹೇಳಿದ್ದೇನೆ. ಖಾಲಿ ಡಬ್ಬಿ ಮುಂದಿಟ್ಟುಕೊಂಡು ಓದಿರಲಿಲ್ಲ. ಅವತ್ತು ನಾಲ್ಕು ಮೊಟ್ಟೆ, ಅರ್ಧ ಬ್ರೆಡ್ ಇತ್ತು. ಮೂವರೂ ಹಂಚಿಕೊಂಡು ತಿಂದೆವು. ಕರ್ತನ ಪ್ರಾರ್ಥನೆಯಲ್ಲಿ, ಅಂದರೆ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ, ಬರುವ ಅನುದಿನದ ಆಹಾರ ಅನ್ನುವ ಮಾತನ್ನು ನಾನು ಅದಕ್ಕೆ ಮುಂಚೆ ಅಷ್ಟು ಮನಸ್ಸಿಟ್ಟು ಹೇಳಿದ್ದು ನೆನಪಿಲ್ಲ.

ಬ್ಯಾಗು ಮಂಗಳವಾರ ಬಂತು. ಆ ಮೂರು ದಿನ ಬೈಬಲ್ ಫೋನಿನಲ್ಲಿ ಓದಬಹುದಿತ್ತು, ಮಗ ಹಾಕಿಕೊಡುತ್ತೇನೆ ಅಂದ. ಬೇಡ, ಬಾಯಿಪಾಠ ಎಷ್ಟು ಬರುತ್ತದೆ ನೋಡೋಣ ಅನ್ನಿಸಿತು. 23ನೇ ಕೀರ್ತನೆ ಪೂರ್ತಿ ಬಂತು. 121 ಮಧ್ಯದಲ್ಲಿ ನಿಂತಿತು. ಮನೆಯವರಿಗೆ ಮುಂದಿನ ಸಾಲು ಬರುತ್ತಿತ್ತು. ಇಬ್ಬರೂ ಸೇರಿ ಮುಗಿಸಿದೆವು.

ಆದರೆ ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇರುವುದು ಆ ಭಾನುವಾರದ ಚರ್ಚಿನಲ್ಲಿ. ಮಗ ಅಲ್ಲಿಯ ಮೆಥೊಡಿಸ್ಟ್ ಸಭೆಗೆ ಕರೆದುಕೊಂಡು ಹೋದ. ಸಣ್ಣ ಸಭೆ, ವಯಸ್ಸಾದವರೇ ಜಾಸ್ತಿ. ಒಂದಕ್ಷರ ತಿಳಿಯಲಿಲ್ಲ. ಗೋಡೆಯ ಹಲಗೆಯಲ್ಲಿ ಹಾಡುಗಳ ನಂಬರ್ ಹಾಕಿದ್ದರು, ನಾನು ಓದಬಲ್ಲದ್ದು ಆ ಅಂಕಿಗಳನ್ನು ಮಾತ್ರ. ಇಡೀ ಜನ್ಮ ಅಕ್ಷರ ಕಲಿಸಿದವಳು ನಾನು. ಅವತ್ತು ಒಂದನೇ ತರಗತಿಯ ಮೊದಲ ದಿನ ಬಾಗಿಲಲ್ಲಿ ನಿಂತು ಅಳುವ ಮಗುವಿನ ಸಂಕಟ ಏನು ಅಂತ ಗೊತ್ತಾಯಿತು.

ನಮ್ಮ ಕಡೆ ಪರದೇಶಿ ಅಂದರೆ ಬರೀ ಹೊರದೇಶದವನು ಅಂತ ಅರ್ಥವಲ್ಲ, ಅಲ್ವಾ? ಪಾಪ, ಪರದೇಶಿ ಕೂಸು ಅನ್ನುತ್ತೇವೆ. ಹಿಂದೆ ಮುಂದೆ ಯಾರೂ ಇಲ್ಲದವರು ಅಂತ. ಆ ಬೆಂಚಿನ ಮೇಲೆ ನಾನು ಎರಡೂ ಅರ್ಥದಲ್ಲಿ ಪರದೇಶಿ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಕೈಯಿಂದ ಹಾಡಿನ ಪುಸ್ತಕ ತೆಗೆದುಕೊಂಡು, ಪುಟ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ಹಾಡಿದರು. ಸಾಲು ಮುಂದೆ ಹೋದಂತೆ ಬೆರಳೂ ಹೋಗುತ್ತಿತ್ತು. ಆಮೇಲೆ ಎಲ್ಲರೂ ಎದ್ದು ನಿಂತು ಪುಸ್ತಕ ಇಲ್ಲದೆ ಒಟ್ಟಿಗೆ ಏನೋ ಹೇಳತೊಡಗಿದರು. ಎರಡನೇ ಸಾಲಿಗೆ ಹೊಳೆಯಿತು, ಇದು ಕರ್ತನ ಪ್ರಾರ್ಥನೆ. ನಾನು ಕನ್ನಡದಲ್ಲಿ ಶುರು ಮಾಡಿದೆ. ಆಮೆನ್ ಅನ್ನುವುದು ಇಬ್ಬರಿಗೂ ಒಂದೇ ಸಲ ಬಂತು. ಅಜ್ಜಿ ನನ್ನ ಕೈ ಹಿಡಿದುಕೊಂಡರು. ಆರಾಧನೆ ಮುಗಿದ ಮೇಲೆ ಕಾಫಿ, ಕೇಕು ತಂದುಕೊಟ್ಟು ಹತ್ತಿರವೇ ಕೂತರು. ಮಾತಿಲ್ಲ, ಸುಮ್ನೆ ಕೂತಿದ್ದರು.

ನಮ್ಮ ಮೆಥೊಡಿಸ್ಟರಿಗೆ ಜರ್ಮನರ ಋಣ ಹಳೆಯದು. ನಮ್ಮ ಪಂಗಡಕ್ಕೆ ಮೂಲಪುರುಷನಾದ ಜಾನ್ ವೆಸ್ಲಿ 1735ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹಡಗು ಹತ್ತಿದಾಗ ಅದರಲ್ಲಿ ಜರ್ಮನಿಯ ಮೊರೇವಿಯನ್ ಅನ್ನುವ ಕ್ರೈಸ್ತ ಪಂಗಡದ ಕುಟುಂಬಗಳಿದ್ದವು. ಅವರ ಜೊತೆ ಮಾತಾಡಬೇಕು ಅಂತ ವೆಸ್ಲಿ ಹಡಗಿನಲ್ಲೇ ಜರ್ಮನ್ ಕಲಿಯತೊಡಗಿದ. ಬೇರೆಯವರು ಒಲ್ಲೆ ಅನ್ನುತ್ತಿದ್ದ ಕೀಳು ಕೆಲಸಗಳನ್ನು ಅವರು ದುಡ್ಡು ಮುಟ್ಟದೆ ಮಾಡುತ್ತಿದ್ದರು. 1736ರ ಜನವರಿಯಲ್ಲಿ ದೊಡ್ಡ ಬಿರುಗಾಳಿ ಬಂತು. ಪಟ ಹರಿಯಿತು, ಇಂಗ್ಲಿಷರು ಕಿರುಚಿಕೊಂಡರು. ಆ ಜರ್ಮನರು ಕೀರ್ತನೆ ಹಾಡುತ್ತಿದ್ದವರು ಹಾಡುತ್ತಲೇ ಇದ್ದರು. ನನಗೆ ಇಲ್ಲದ್ದೇನೋ ಇವರಿಗಿದೆ ಅಂತ ವೆಸ್ಲಿಗೆ ಅನ್ನಿಸಿದ್ದು ಆ ಪ್ರಯಾಣದಲ್ಲಿ. ಬೇರೆಯವರಿಗೆ ಬೋಧಿಸಲು ಹೊರಟವನು ದಾರಿಯಲ್ಲಿ ತಾನು ಕಲಿತ. ನಮ್ಮ ಬೀದರಿಗೂ ಅಮೆರಿಕದ ಮಿಷನರಿಗಳು ಬಂದಾಗ ಈ ಬಿಸಿಲು, ಈ ಭಾಷೆ, ಈ ಊಟ ಅವರಿಗೆ ಹೇಗಿತ್ತೋ. ಯಾರೋ ಅವರ ಬೆರಳು ಹಿಡಿದು ಕನ್ನಡ ಓದಿಸಿದ್ದಾರೆ.

ಅವತ್ತು ರಾತ್ರಿ ಎರಡೂವರೆಗೆ ಎದ್ದಾಗ ನನ್ನನ್ನು ಕೊರೆದದ್ದು ಬೇರೆ. ಬೀದರಿನಲ್ಲಿ ವಾಯುಸೇನೆಯ ತರಬೇತಿ ನೆಲೆ ಇದೆ. ಅಲ್ಲಿಗೆ ಬಂದಿದ್ದ ಈಶಾನ್ಯದ ಕಡೆಯ ಒಬ್ಬ ಹುಡುಗ, ಅವನ ಹೆಂಡತಿ ನಮ್ಮ ಚರ್ಚಿಗೆ ಒಂದು ವರ್ಷದಿಂದ ಬರುತ್ತಿದ್ದರು. ಕೊನೆಯ ಬೆಂಚು. ಆರಾಧನೆ ಪೂರ್ತಿ ಕನ್ನಡದಲ್ಲಿ. ಮುಗಿದ ಕೂಡಲೇ ಎದ್ದು ಹೋಗುತ್ತಿದ್ದರು. ನಾನು ಒಂದು ದಿನವೂ ಅವರ ಹೆಸರು ಕೇಳಿರಲಿಲ್ಲ. ನಾನಕ್ ಝೀರಾ ಗುರುದ್ವಾರದಲ್ಲಿ ಯಾರು ಬಂದರೂ ಕೂರಿಸಿ ಊಟ ಹಾಕುತ್ತಾರೆ, ಅದು ನಮ್ಮ ಊರಿನಲ್ಲೇ ಇದೆ, ನಾನೂ ಉಂಡಿದ್ದೇನೆ. ಯಾಜಕಕಾಂಡ 19ರಲ್ಲಿ ಪರದೇಶದವನನ್ನು ನಿನ್ನಂತೆಯೇ ಪ್ರೀತಿಸು, ನೀವೂ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಪರದೇಶದವರಾಗಿದ್ದಿರಿ ಅಂತ ಇದೆ. ಆ ಎರಡನೇ ಮಾತು ನನ್ನೊಳಗೆ ಇಳಿಯಬೇಕಾದರೆ ನಾನು ಅಷ್ಟು ದೂರ ಹೋಗಿ ಆ ಬೆಂಚಿನ ಮೇಲೆ ಕೂರಬೇಕಾಯಿತು.

ಹಾಗಾಗಿ ಕಲಿಯುವುದು ಇದೆ. ತೊಂದರೆಗಳ ಪಟ್ಟಿ ಬರೆದು ಒಂದೊಂದಕ್ಕೂ ಒಂದು ವಚನ ಹುಡುಕಲು ಹೋಗಬೇಡಿ. ಅಲ್ಲಿ ನಿಮ್ಮ ಮನಸ್ಸಿಗೆ ಏನು ಚುಚ್ಚಿತು, ಯಾರ ಯಾವ ಸಣ್ಣ ಕೆಲಸದಿಂದ ಹಗುರ ಆಯಿತು, ಅದನ್ನು ಗುರುತು ಇಟ್ಟುಕೊಳ್ಳಿ. ಊರಿಗೆ ಬಂದಾಗ ಅದು ಕೆಲಸಕ್ಕೆ ಬರುತ್ತದೆ.

ತಿರುಗಿ ಬಂದ ಮೊದಲ ಭಾನುವಾರ ನಾನು ಕೊನೆಯ ಬೆಂಚಿನಲ್ಲಿ ಅವರ ಪಕ್ಕ ಕೂತೆ. ಹಾಡಿನ ಸಾಲಿನ ಮೇಲೆ ಬೆರಳಿಟ್ಟು ಹಾಡಿದೆ. ಕರ್ತನ ಪ್ರಾರ್ಥನೆಯನ್ನು ನಿಮ್ಮ ಭಾಷೆಯಲ್ಲೇ ಗಟ್ಟಿಯಾಗಿ ಹೇಳಿ ಅಂದೆ. ಈಗ ಆ ಹುಡುಗಿ ನಮ್ಮ ಮನೆಗೆ ಬಂದು ಹೋಗುತ್ತಾಳೆ, ಪುಂಡಿ ಪಲ್ಯ ಮಾಡಲು ಕಲಿತಿದ್ದಾಳೆ. ಮುಂದಿನ ತಿಂಗಳು ಅವರಿಗೆ ಬೇರೆ ಊರಿಗೆ ವರ್ಗ. ದಾರಿಗೆ ಖಡಕ್ ರೊಟ್ಟಿ ಕಟ್ಟಿಕೊಡಬೇಕು, ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದಿದ್ದೇನೆ.