ಅಮೆರಿಕದಲ್ಲಿ ಅಂಗವೈಕಲ್ಯ ಭತ್ಯೆಯ ಫಾರಂ ಬಗ್ಗೆ ಜನರ ಅಭಿಪ್ರಾಯ ಯಾಕೆ ಕೇಳ್ತಾರೆ? ಬರೆದರೆ ಉಪಯೋಗ ಇದೆಯಾ?

ಕೇಳಲೇಬೇಕು, ಕಾನೂನು ಹಾಗಿದೆ. ಜನರ ಮೇಲಿನ ಕಾಗದಪತ್ರದ ಹೊರೆ ಇಳಿಸಲು ತಂದ 1980ರ ಪೇಪರ್‌ವರ್ಕ್ ರಿಡಕ್ಷನ್ ಆ್ಯಕ್ಟ್ ಅನ್ನು 1995ರಲ್ಲಿ ಬಿಗಿ ಮಾಡಿದರು. ಅದರ ಪ್ರಕಾರ ಯಾವುದೇ ಫೆಡರಲ್ ಇಲಾಖೆ ಹತ್ತು ಅಥವಾ ಜಾಸ್ತಿ ಜನರಿಂದ ಒಂದೇ ಬಗೆಯ ಮಾಹಿತಿ ಕೇಳಬೇಕಾದರೆ ಶ್ವೇತಭವನದ ಬಜೆಟ್ ಕಚೇರಿಯ (ಒಎಂಬಿ) ಒಪ್ಪಿಗೆ ಬೇಕು. ಅದಕ್ಕೆ ಮೊದಲು ಸರ್ಕಾರಿ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟಿಸಿ ಜನರ ಅಭಿಪ್ರಾಯಕ್ಕೆ 60 ದಿನ ಕಾಯಬೇಕು. ಆಮೇಲೆ ಇನ್ನೊಂದು 30 ದಿನ. ಒಪ್ಪಿಗೆ ಹೆಚ್ಚೆಂದರೆ ಮೂರು ವರ್ಷ, ಹಾಗಾಗಿ ಹಳೇ ಫಾರಂ ಕೂಡ ಮತ್ತೆ ಮತ್ತೆ ಇದೇ ದಾರಿಯಲ್ಲಿ ಬರುತ್ತದೆ. ಫಾರಂ ಮೇಲೆ 'ಒಎಂಬಿ ನಂ.' ಅಂತ ಸಣ್ಣ ಅಕ್ಷರದಲ್ಲಿ ಇರುತ್ತಲ್ಲ, ಅದೇ ಈ ಒಪ್ಪಿಗೆಯ ಗುರುತು.

ಉಪಯೋಗ ನೀವು ಏನು ಬರೆಯುತ್ತೀರಿ ಅನ್ನೋದರ ಮೇಲಿದೆ. "ಭತ್ಯೆ ಸಾಲಲ್ಲ" ಅಂತ ಬರೆದರೆ ಇಲ್ಲಿ ಪ್ರಯೋಜನ ಇಲ್ಲ. ಭತ್ಯೆಯ ಮೊತ್ತ ಇಲ್ಲಿ ತೀರ್ಮಾನ ಆಗೋದಿಲ್ಲ. ಇಲ್ಲಿರುವ ಪ್ರಶ್ನೆಯೇ ಬೇರೆ: ಈ ಮಾಹಿತಿ ನಿಜಕ್ಕೂ ಬೇಕಾ, ತುಂಬಲು ಎಷ್ಟು ಹೊತ್ತು ಹಿಡಿಯುತ್ತೆ, ಸುಲಭ ಮಾಡಬಹುದಾ? ಈ ಭತ್ಯೆ ಕೊಡುವ ಸೋಶಿಯಲ್ ಸೆಕ್ಯುರಿಟಿ ಇಲಾಖೆಯ ಎಸ್‌ಎಸ್‌ಎ-3373 ಫಾರಂ ತಗೊಳ್ಳಿ. ಎದ್ದಾಗಿನಿಂದ ಮಲಗುವ ತನಕ ಏನು ಮಾಡ್ತೀರಿ, ಅಡುಗೆ ಮಾಡ್ಕೊಳ್ತೀರಾ, ಎಷ್ಟು ದೂರ ನಡೆದರೆ ಸುಸ್ತಾಗುತ್ತೆ, ಹೀಗೆ ಪುಟಗಟ್ಟಲೆ. ಕೈ ನಡುಗುವವರು ಇದನ್ನು ಒಂದೇ ಸಲ ಕೂತು ಮುಗಿಸೋಕಾಗುತ್ತಾ? ಇಲಾಖೆ ಲೆಕ್ಕ ಹಾಕಿದ ನಿಮಿಷಗಳಿಗೂ ನಿಮಗೆ ಹಿಡಿದ ಸಮಯಕ್ಕೂ ವ್ಯತ್ಯಾಸ ಇದ್ದರೆ ಅದನ್ನೇ ಬರೆಯಿರಿ. ಯಾವ ಪ್ರಶ್ನೆ ಎರಡು ಸಲ ಬಂದಿದೆ, ಎಲ್ಲಿ ಜಾಗ ಸಾಲಲಿಲ್ಲ, ನಂಬರ್ ಸಮೇತ ಹೇಳಿ. ಆದರೆ ನಿಮ್ಮ ಸೋಶಿಯಲ್ ಸೆಕ್ಯುರಿಟಿ ನಂಬರ್, ಕಾಯಿಲೆಯ ವಿವರ ಹಾಕಬೇಡಿ. ಈ ಪತ್ರಗಳನ್ನು ಯಾರು ಬೇಕಾದರೂ ಓದಬಹುದು.