ಮಗ್ಗಿ ಬರುತ್ತೆ, ಲೆಕ್ಕ ಬರಲ್ಲ

ವಿಜಯನಗರದಿಂದ ಒಬ್ಬ ತಾಯಿ ನಾಲ್ಕನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಬಂದಿದ್ದರು. ಅವಳನ್ನು ಪುಟ್ಟಿ ಅನ್ನೋಣ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

“ಮೇಡಂ, 12ರ ಮಗ್ಗಿವರೆಗೂ ಬಾಯಿಪಾಠ. ಹೇಳಿಕೆ ಲೆಕ್ಕ ಕೊಟ್ರೆ ಮಾತ್ರ ಅಳ್ತಾಳೆ. ಕೂಡ್ಬೇಕಾ, ಗುಣಿಸ್ಬೇಕಾ ಅಂತ ನನ್ನನ್ನೇ ಕೇಳ್ತಾಳೆ.”

ನನ್ನ ಕೋಣೆಯಲ್ಲಿ ಮೊಟ್ಟೆಯ ಖಾಲಿ ಟ್ರೇ ಇರುತ್ತೆ. 5 ಸಾಲು, ಸಾಲಿಗೆ 6 ಗುಂಡಿ. ಎಷ್ಟು ಗುಂಡಿ ಇದೆ ಅಂತ ಕೇಳಿದೆ. ಪುಟ್ಟಿ ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದಳು. ಹದಿನೇಳಕ್ಕೆ ತಪ್ಪಿತು, ಮತ್ತೆ ಮೊದಲಿಂದ ಶುರು ಮಾಡಿದಳು. “ಐದಾರ್ಲ ಎಷ್ಟು ಪುಟ್ಟಿ?” ಅಂದೆ. ತಟ್ಟನೆ “ಮೂವತ್ತು” ಅಂದಳು. ಬೆರಳು ಮಾತ್ರ ಇನ್ನೂ ಒಂಬತ್ತನೇ ಗುಂಡಿಯ ಮೇಲಿತ್ತು.

ತೊಂದರೆ ಇರೋದು ಇಲ್ಲೇ. ಕೂಡೋದಕ್ಕೆ ಒಂದೊಂದಾಗಿ ಎಣಿಸಿದರೆ ಸಾಕು. ಗುಣಿಸೋದಕ್ಕೆ ಆರನ್ನೂ ಸೇರಿಸಿ ‘ಒಂದು ಸಾಲು’ ಅಂತ ನೋಡಬೇಕು. ಸಾಲು ಎಣಿಸುವಾಗ ಒಳಗಿನ ಆರನ್ನು ಮರೆಯಬಾರದು. ಮಕ್ಕಳು ಮೊದಲು ಒಂದೊಂದೇ ಎಣಿಸುತ್ತಾರೆ, ಆಮೇಲೆ 6, 12, 18 ಅಂತ ಹಾರಿ ಎಣಿಸುತ್ತಾರೆ, ನಿಧಾನವಾಗಿ ಗುಣಾಕಾರಕ್ಕೆ ಬರುತ್ತಾರೆ. ಪುಟ್ಟಿಯ ಬಾಯಿ ಕೊನೆಯ ಮೆಟ್ಟಿಲಲ್ಲಿತ್ತು, ಯೋಚನೆ ಮೊದಲನೇ ಮೆಟ್ಟಿಲಲ್ಲಿ. ಅವಳು ದಡ್ಡಿ ಅಲ್ಲವೇ ಅಲ್ಲ.

ಸಾಲಿನ ಮೇಲೆ ಕೈ ಸವರಿ ಎಣಿಸು ಅಂದೆ. ಮೂವತ್ತಕ್ಕೆ ಬಂದು ನಿಂತಳು. “ಆಂಟಿ, ಇದು ಮಗ್ಗೀನೇ ಅಲ್ವಾ?” ಟ್ರೇಯನ್ನು ಅವಳೇ ತಿರುಗಿಸಿ ನೋಡಿದಳು. ಈಗ 6 ಸಾಲು, ಸಾಲಿಗೆ 5.

ತಾಯಿಗೆ ಹೇಳಿದ್ದು ಇಷ್ಟು. ಮಗ್ಗಿ ಬೇಕೇ ಬೇಕು, ಆದರೆ ದಿನಾ ರಾತ್ರಿ ಒಪ್ಪಿಸಿಕೊಳ್ಳೋದನ್ನು ಒಂದು ತಿಂಗಳು ನಿಲ್ಲಿಸಿ. 12 ಚಕ್ಕುಲಿ ಕೊಡಿ. ಒಂದು ದಿನ ಮೂರು ಜನಕ್ಕೆ ಸಮನಾಗಿ ಹಂಚಲಿ. ಇನ್ನೊಂದು ದಿನ ಡಬ್ಬಿಗೆ ಮೂರರಂತೆ ತುಂಬಲಿ. ನೋಟ್‌ಬುಕ್ಕಿನಲ್ಲಿ ಎರಡೂ 12 ÷ 3, ಉತ್ತರವೂ 4. ಆದರೆ ಮೊದಲನೆಯದು ಒಬ್ಬರ ಪಾಲಿನ 4 ಚಕ್ಕುಲಿ, ಎರಡನೆಯದು 4 ಡಬ್ಬಿ. ‘ನಾಲ್ಕು ಏನು?’ ಅಂತ ಪ್ರತಿ ಸಲ ಕೇಳಿ.

“ಗುಣಿಸಿದ್ರೆ ಜಾಸ್ತಿ, ಭಾಗಿಸಿದ್ರೆ ಕಮ್ಮಿ ಅಂತ ಹೇಳ್ಕೊಟ್ಟಿದ್ದೀನಿ” ಅಂದರು. ದಯವಿಟ್ಟು ಬೇಡ ಅಂದೆ. ಈ ನಂಬಿಕೆ ದೊಡ್ಡ ಕ್ಲಾಸಿನಲ್ಲೂ ಮಕ್ಕಳನ್ನು ದಾರಿ ತಪ್ಪಿಸುತ್ತೆ ಅಂತ ಗಣಿತ ಕಲಿಕೆಯ ಸಂಶೋಧಕ ಎಫ್ರೇಮ್ ಫಿಶ್‌ಬೈನ್ ಮತ್ತು ಸಂಗಡಿಗರು 1985ರಲ್ಲೇ ಇಟಲಿಯ ಶಾಲಾ ಮಕ್ಕಳಲ್ಲಿ ಕಂಡಿದ್ದರು. ಮೂರು ಚಪಾತಿಯನ್ನು ಅರ್ಧರ್ಧ ಮಾಡಿದರೆ ಆರು ತುಂಡು. ಅದೂ ಭಾಗಾಕಾರವೇ: 3 ÷ ½ = 6, ಉತ್ತರ ಮೂರಕ್ಕಿಂತ ಜಾಸ್ತಿ.

ಐದು ವಾರ ಬಿಟ್ಟು ಬಂದಾಗ ಒಂದು ಲೆಕ್ಕ ಕೊಟ್ಟೆ. ಮೆಜೆಸ್ಟಿಕ್‌ನಲ್ಲಿ 13 ಜನ ನೆಂಟರು ಇಳಿದಿದ್ದಾರೆ, ಆಟೋಗೆ ಮೂರು ಜನ, ಎಷ್ಟು ಆಟೋ? ಪುಟ್ಟಿ ‘4, ಶೇಷ 1’ ಅಂತ ಬರೆದಳು. ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ 4ನ್ನು ಅಳಿಸಿದಳು.

“ಐದು ಆಂಟಿ. ಅಜ್ಜಿ ಒಬ್ಬರೇ ಹೇಗೆ ನಿಂತ್ಕೋತಾರೆ?”